ಶುದ್ಧ ಸಸ್ಯಾಹಾರಿ ಮೀನಿಗೆ ಮನೆ ಖಾಲಿ ಮಾಡಲು ಕೋರಿ

ಗೆ,
ಶ್ರೀಯುತ ಸೋಹಲ್ ಟ್ಯಾಂಗ್ ಅವರು,
ಬಲಗಡೆಯ ದೊಡ್ಡ ಗವಿ, ಹವಳದ ದಿಬ್ಬ,
ಮೊದಲನೇ ಮಹಡಿ, ನಂಜಪ್ಪ ನಿಲಯ, ಬೇಗೂರು.

ಮಾನ್ಯರೇ,

ಕೆಂಪು ಸಮುದ್ರದಲ್ಲಿ ಹುಟ್ಟಿ, ವಿಮಾನದಲ್ಲಿ ಬಂದಿಳಿದು, ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಎರಡೂವರೆ ಗಂಟೆ ಪ್ಲಾಸ್ಟಿಕ್ ಚೀಲದೊಳಗೆ ತಾಳ್ಮೆಯಿಂದ ಕಾದು, ಕೊನೆಗೆ ನಮ್ಮ ಬಡ ಮನೆಯನ್ನು ಪಾವನಗೊಳಿಸಿದ ತಮ್ಮ ದಿವ್ಯ ಸನ್ನಿಧಾನಕ್ಕೆ, ಸದರಿ ಮನೆಯ ಮಾಲೀಕನೂ, ತಮ್ಮ ನೀರು ಬದಲಿಸುವವನೂ, ತಮ್ಮ ಪಾಲಕ್ ಸೊಪ್ಪನ್ನು ಮೂರು ಸಲ ತೊಳೆದು ಕ್ಲಿಪ್ಪಿಗೆ ಸಿಕ್ಕಿಸುವವನೂ ಆದ ನಂಜಪ್ಪನ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರಿ ಎಂದು ಬಲ್ಲೆ. ತಾವು ಇಷ್ಟೊಂದು ಕ್ಷೇಮವಾಗಿರುವುದೇ ಈ ಪತ್ರಕ್ಕೆ ಕಾರಣ.

ಬಾಯಿಮಾತಿನಲ್ಲಿ ಹೇಳಿದ್ದಾಯಿತು, ಗಾಜು ತಟ್ಟಿ ಹೇಳಿದ್ದಾಯಿತು, ಕೈ ಮುಗಿದದ್ದೂ ಆಯಿತು. ತಮ್ಮ ಕಿವಿಗೆ ಬೀಳಲಿಲ್ಲ. ತಮಗೆ ಕಿವಿ ಎಲ್ಲಿದೆ ಎಂಬುದು ನನಗೆ ಇನ್ನೂ ಗೊತ್ತಾಗಿಲ್ಲ. ಆದ್ದರಿಂದ ಈ ಬಹಿರಂಗ ಪತ್ರವನ್ನು ಅಕ್ಷರಗಳು ಒಳಮುಖವಾಗಿ ಕಾಣುವಂತೆ ತಮ್ಮ ಗಾಜಿಗೆ ಅಂಟಿಸಲಿದ್ದೇನೆ. ಪ್ರತಿಗಳನ್ನು ತಮ್ಮನ್ನು ನಮಗೆ ಮಾರಿದ ಮೀನಿನಂಗಡಿಯ ಈರೇಶ್ ಅವರಿಗೂ, ಎಡಮೂಲೆಯಲ್ಲಿ ತಮ್ಮ ದೆಸೆಯಿಂದ ಮುದುರಿಕೊಂಡಿರುವ ಕ್ಲೌನ್ ಮೀನಿನ ದಂಪತಿಗಳಿಗೂ ಕಳಿಸಲಾಗುವುದು. ವಿಷಯ ಒಂದೇ. ಕೆಂಪಿ ಎಂಬ ಎರಡಿಂಚು ಉದ್ದದ ಮೀನು ತಮ್ಮ ಭಯಕ್ಕೆ ಕಲ್ಲಿನ ಸಂದಿಯಿಂದ ಹೊರಗೆ ಬರದೆ ಇವತ್ತಿಗೆ ಒಂಬತ್ತು ದಿನವಾಯಿತು, ಒಂಬತ್ತು ದಿನದಿಂದ ಅದು ಒಂದು ಕಾಳೂ ತಿಂದಿಲ್ಲ. ಬರೆಯುತ್ತಿರುವುದು ಬಲಗೈಯಲ್ಲಿ, ಎಡಗೈಯಲ್ಲಿ ಒಂದು ದಾರ ಹಿಡಿದು ಕೂತಿದ್ದೇನೆ, ಆ ದಾರದ ಸಮಾಚಾರ ಮುಂದೆ ಬರುತ್ತದೆ.

ತಾವು ಇಲ್ಲಿಗೆ ಬಂದ ಹಿನ್ನೆಲೆ ತಮಗೆ ಯಾರೂ ಹೇಳಿರಲಾರರು. ಕಳೆದ ವರ್ಷ ನನ್ನ ಮನೆಯವಳಾದ ಭಾಗ್ಯಮ್ಮನಿಗೆ ಎರಡೂ ಮಂಡಿಯ ಆಪರೇಷನ್ ಆಗಿ, ಮೂರು ತಿಂಗಳು ಮೆಟ್ಟಿಲು ಇಳಿಯುವ ಹಾಗಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ದಿನಕ್ಕೆ ನಾಲ್ಕು ಸಲ ಕೆಳಗಿಳಿದು ಯಾವ ಬಾಡಿಗೆಯವರು ನಲ್ಲಿ ಬಿಟ್ಟು ಹೋಗಿದ್ದಾರೆ ಎಂದು ನೋಡದಿದ್ದರೆ ಅನ್ನ ಸೇರದ ಹೆಂಗಸು ಅವಳು. ಕುರ್ಚಿಯಲ್ಲಿ ಕೂತು ಸೀರಿಯಲ್ ನೋಡಿ ಅಳುವುದು, ಅತ್ತು ಮುಗಿದ ಮೇಲೆ ನನ್ನನ್ನು ಬೈಯುವುದು, ಇದೇ ದಿನಚರಿಯಾಯಿತು. ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಅವಳು ಸಮುದ್ರ ನೋಡಿದ್ದು ಒಂದೇ ಸಲ, ಮುರುಡೇಶ್ವರದಲ್ಲಿ, ಅದೂ ಇಪ್ಪತ್ತು ನಿಮಿಷ. ಅಷ್ಟರೊಳಗೆ ಅಲೆ ಬಂದು ಅವಳ ಎಡಗಾಲಿನ ಚಪ್ಪಲಿಯನ್ನು ಎಳೆದುಕೊಂಡು ಹೋಗಿತ್ತು. ಹೆಂಡತಿಯ ಬೈಗುಳಕ್ಕೆ ಹೆದರಿ, ಸಮುದ್ರವನ್ನೇ ಮನೆಗೆ ತರಿಸುತ್ತೇನೆ ನೋಡು ಎಂದು ನಾನು ಬಾಯಿಬಿಟ್ಟೆ. ಬಾಯಿಬಿಟ್ಟ ಮೇಲೆ ತರಿಸದೆ ವಿಧಿಯಿರಲಿಲ್ಲ.

ಹಾಲ್‌ನ ಶೋಕೇಸು ಒಡೆಸಿ, ಏಳಡಿ ಉದ್ದದ ಗಾಜಿನ ತೊಟ್ಟಿ ಕೂರಿಸಿ, ಸಾವಿರ ಲೀಟರ್ ಉಪ್ಪುನೀರು ತುಂಬಿಸಿ, ಹವಳ ನೆಡಿಸಿ, ಅಲೆ ಎಬ್ಬಿಸುವ ಪಂಪು ಹಾಕಿಸಿದೆ. ಒಳಗಿನ ಕಲ್ಲುಗಳನ್ನು ಜೋಡಿಸಿಕೊಟ್ಟವನು ನಮ್ಮ ಕೆಳಮನೆಯಲ್ಲಿ ನಾಲ್ಕು ವರ್ಷದಿಂದ ಬಾಡಿಗೆಗಿರುವ ಯಮನಪ್ಪ, ಬಾಗಲಕೋಟೆ ಕಡೆಯವನು, ಗಾರೆ ಕೆಲಸದಲ್ಲಿ ಎತ್ತಿದ ಕೈ. ನೀರು ಹದಕ್ಕೆ ಬರಲು ಆರು ವಾರ ಖಾಲಿ ಬಿಡಬೇಕು ಎಂದು ಈರೇಶ್ ಹೇಳಿದಾಗ ನನಗೆ ಎದೆ ಹಿಡಿದುಕೊಂಡಂತಾಯಿತು, ಯಾಕೆಂದರೆ ಇಷ್ಟು ಒಳ್ಳೆ ಏರಿಯಾದಲ್ಲಿ ಆರು ವಾರ ಖಾಲಿ ಬಿದ್ದ ಮನೆಯನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ.

ಇನ್ನು ಆಯ್ಕೆಯ ವಿಚಾರ. ಈರೇಶ್ ಅಂಗಡಿಯ ಗೋಡೆಯ ಮೇಲೆ ಒಂದು ದೊಡ್ಡ ಪಟವಿದೆ. ಹವಳದ ತೊಟ್ಟಿಯಲ್ಲಿ ಯಾವ ಮೀನಿನ ಜೊತೆ ಯಾವ ಮೀನು ಬಾಳುತ್ತದೆ ಎಂಬುದನ್ನು ಅದರಲ್ಲಿ ಹಸಿರು, ಹಳದಿ, ಕೆಂಪು ಚೌಕಗಳಲ್ಲಿ ತೋರಿಸಿದ್ದಾರೆ. ಆ ಹುಡುಗ ಪಾಪ ಕಡ್ಡಿ ಹಿಡಿದು ಒಂದೊಂದೇ ಚೌಕ ವಿವರಿಸಲು ಬಂದ. ನಾನು ಕೈ ಅಡ್ಡ ಹಿಡಿದು ನಿಲ್ಲಿಸಿದೆ. ಇಪ್ಪತ್ತಾರು ವರ್ಷದಿಂದ ಮೂರು ಬಿಲ್ಡಿಂಗುಗಳಿಗೆ ಬಾಡಿಗೆಯವರನ್ನು ಆರಿಸುತ್ತಾ ಬಂದವನಿಗೆ ಯಾರು ಯಾರ ಜೊತೆ ಬಾಳುತ್ತಾರೆ ಎಂದು ಪಟ ನೋಡಿ ತಿಳಿಯಬೇಕೇ? ನನ್ನ ಗೇಟಿನ ಬೋರ್ಡಿನಲ್ಲಿ ಎರಡೇ ಸಾಲು: ಮನೆ ಬಾಡಿಗೆಗೆ ಇದೆ, ಸಸ್ಯಾಹಾರಿ ಕುಟುಂಬದವರಿಗೆ ಮಾತ್ರ. ಸೊಪ್ಪು ತಿನ್ನುವವರು ಸಾಧುಗಳು, ಜಗಳವಾಡುವುದಿಲ್ಲ, ಗೋಡೆಗೆ ಮೊಳೆ ಹೊಡೆಯುವುದಿಲ್ಲ ಎಂಬುದು ನಮ್ಮ ಅಪ್ಪನ ಕಾಲದಿಂದ ಬಂದ ನಂಬಿಕೆ. ಹಾಗಾದರೆ ನೀವೂ ಸಸ್ಯಾಹಾರಿಗಳೇ ಎಂದು ತಾವು ಕೇಳಬಹುದು. ನಾವು ವಾರಕ್ಕೆರಡು ದಿನ ಕೋಳಿ, ಭಾನುವಾರ ಮಟನ್, ಹಬ್ಬದ ಮಾರನೆಯ ದಿನ ಎರಡೂ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎಂದು ಹಿರಿಯರು ಹೇಳಿದ್ದು ನನ್ನಂಥವರನ್ನು ನೋಡಿಯೇ ಇರಬೇಕು.

ಹೀಗಾಗಿ ಅಂಗಡಿಯ ಪ್ರತಿ ಗಾಜಿನ ಮುಂದೆಯೂ ನಾನು ಕೇಳಿದ್ದು ಒಂದೇ ಪ್ರಶ್ನೆ, ಇದು ಏನು ತಿನ್ನುತ್ತೆ. ಅರ್ಧ ಮೈ ನೇರಳೆ, ಅರ್ಧ ಮೈ ಹಳದಿಯ ಒಂದು ಮೀನು, ಮುಖ ನೋಡಿದರೇ ಗೊತ್ತಾಗುತ್ತಿತ್ತು ಯಾರ ತಂಟೆಗೂ ಹೋಗುವುದಿಲ್ಲ ಎಂದು; ಸೀಗಡಿ ತಿನ್ನುತ್ತದೆ ಎಂಬ ಒಂದೇ ಕಾರಣಕ್ಕೆ ಅದನ್ನು ಬಿಟ್ಟೆ. ಕಪ್ಪು ಪಟ್ಟೆಯ ಇನ್ನೊಂದು ಮೀನಿನಲ್ಲಿ ಗಂಡೇ ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ವಾರಗಟ್ಟಲೆ ಉಪವಾಸವಿರುತ್ತದಂತೆ. ಮಾಂಸಾಹಾರಿ, ಅದರ ಮೇಲೆ ದುಡಿಮೆಗೆ ಹೋಗದ ಗಂಡಸು ಎಂದು ಅದನ್ನೂ ಬಿಟ್ಟೆ. ಕ್ಲೌನ್ ದಂಪತಿಗಳು ಎರಡೂ ಬಗೆ ತಿನ್ನುವವರಾದರೂ, ಸಂಸಾರಸ್ಥರು, ಹೊರಗೆ ತಿಂದುಕೊಂಡರೆ ನಮಗೇನು ಗೊತ್ತಾಗುತ್ತದೆ ಎಂದು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಈರೇಶ್ ಹೇಳಿದ್ದು, ಇವರಲ್ಲಿ ದಪ್ಪಗಿರುವುದೇ ಹೆಂಡತಿ, ಹೆಂಡತಿ ತೀರಿಕೊಂಡರೆ ಗಂಡನೇ ಹೆಂಡತಿಯಾಗಿ ಬದಲಾಗುತ್ತಾನೆ ಎಂದು. ಅಗ್ರಿಮೆಂಟನ್ನು ಯಾರ ಹೆಸರಿಗೆ ಮಾಡಬೇಕು ಎಂದು ನನ್ನ ವಕೀಲರನ್ನು ಕೇಳಿದ್ದೇನೆ, ಅವರು ಇವತ್ತಿಗೂ ಫೋನ್ ಎತ್ತುತ್ತಿಲ್ಲ.

ಆಗ ಕಂಡಿರಿ ತಾವು. ಗೇಣುದ್ದ ಮೈ, ತಲೆಯಿಂದ ಬಾಲದವರೆಗೆ ಎಳೆದಂಥ ಬಿಳಿ ಪಟ್ಟೆಗಳು, ಬೆಳಗ್ಗೆ ಎದ್ದು ಸ್ನಾನ ಮಾಡಿ ಮೈತುಂಬ ವಿಭೂತಿ ಧರಿಸಿ ನಿಂತ ಹಾಗೆ. ಈರೇಶ್ ಆಗಲೇ ತಲೆ ಕೆರೆದುಕೊಂಡು, “ಸಾರ್, ಇದು ಸ್ವಲ್ಪ ಜಗಳಗಂಟ. ಬೇಕೇ ಬೇಕು ಅಂದ್ರೆ ಮಿಕ್ಕಿದ್ದೆಲ್ಲ ಬಿಟ್ಟು ಕೊನೇಲಿ ಬಿಡಿ. ತಿನ್ನೋದು ಪಾಚಿ, ಸೊಪ್ಪು. ಪಕ್ಕಾ ವೆಜ್,” ಎಂದಿದ್ದ. ಮೊದಲ ಎರಡು ಮಾತು ನನ್ನ ಕಿವಿಯ ಹೊರಗೇ ನಿಂತವು, ಕೊನೆಯ ಎರಡು ಪದ ನೇರ ಎದೆಗೆ ಹೋದವು. ತಮ್ಮ ವಂಶದವರನ್ನು ಸರ್ಜನ್ ಮೀನು ಎನ್ನುತ್ತಾರೆ ಎಂದೂ ಅವನು ಹೇಳಿದ. ಸಸ್ಯಾಹಾರಿ, ಅದರ ಮೇಲೆ ಸರ್ಜನ್, ಮೇಲಾಗಿ ಫಾರಿನ್ನಿನಿಂದ ಬಂದವರು. ಬೇಗೂರಿನ ಯಾವ ಮನೆ ಮಾಲೀಕನಾದರೂ ಇಂಥ ಬಾಡಿಗೆಯವರಿಗಾಗಿ ಹರಕೆ ಹೊರುತ್ತಾನೆ. ಬಾಲದ ಬುಡದಲ್ಲಿ ಎರಡೂ ಕಡೆ ಕಿತ್ತಳೆ ಬಣ್ಣದ ಚೂರಿ ಇರುವುದರಿಂದ ಆ ಹೆಸರು ಬಂತು ಎಂಬುದನ್ನು ಅವನು ಹೇಳುವಷ್ಟರಲ್ಲಿ ನಾನು ಚೀಲ ಕಟ್ಟಿಸಿ ಆಗಿತ್ತು.

ಕೊನೆಯಲ್ಲಿ ಬಿಡಬೇಕಾದ ತಮ್ಮನ್ನು ಮೊದಲು ಬಿಟ್ಟೆ. ಇದು ನನ್ನ ಎರಡನೇ ತಪ್ಪು, ಆದರೆ ಶಾಸ್ತ್ರೋಕ್ತವಾದ ತಪ್ಪು. ಹೊಸ ಮನೆಗೆ ಮೊದಲು ಕಾಲಿಡುವವರು ಶುದ್ಧರಾಗಿರಬೇಕು ಎಂದು ನಮ್ಮ ಮನೆಯಲ್ಲಿ ರೂಢಿ. ತೊಟ್ಟಿಯ ಮುಂದೆ ಸ್ಟೌ ಇಟ್ಟು ಹಾಲು ಉಕ್ಕಿಸಿದೆವು, ಗಾಜಿಗೆ ಕುಂಕುಮ ಹಚ್ಚಿದೆವು, ಪಂಪಿನ ಮೇಲೆ ದೃಷ್ಟಿಗೊಂಬೆ ಕಟ್ಟಿದೆವು, ಆಮೇಲೆ ತಮ್ಮನ್ನು ಇಳಿಸಿದೆವು. ತಾವು ಆ ಕ್ಷಣದಿಂದ, ಇದು ಬಾಡಿಗೆ ಮನೆ ಅಲ್ಲ, ತಮ್ಮ ಪಿತ್ರಾರ್ಜಿತ ಆಸ್ತಿ ಎಂದು ತಿಳಿದಿರಿ. ಹಾಲು ಉಕ್ಕಿಸಿಕೊಟ್ಟ ಮೇಲೆ ಯಾರು ತಾನೇ ತಿಳಿಯುವುದಿಲ್ಲ.

ಕೆಂಪಿ ಬಂದದ್ದು ಕೊನೆಗೆ. ಭಾಗ್ಯಮ್ಮ ಊರುಗೋಲು ಹಿಡಿದು ಮೂರು ತಿಂಗಳ ಮೇಲೆ ಮೊದಲ ಸಲ ಹೊರಗೆ ಬಂದವಳು ನೇರ ಈರೇಶ್ ಅಂಗಡಿಗೆ ಬಂದಳು. ಫೈರ್‌ಫಿಶ್ ಎಂದು ಅದರ ಜಾತಿಯ ಹೆಸರು; ಮುಂಭಾಗ ಬಿಳಿ, ಬಾಲದ ಕಡೆ ಕೆಂಪು, ಬೆನ್ನ ಮೇಲೆ ಬಾವುಟದ ಕಡ್ಡಿಯಂಥ ಒಂದು ಗರಿ, ಅದನ್ನು ಟಕ್ ಟಕ್ ಎಂದು ಎತ್ತಿ ಇಳಿಸುತ್ತಿರುತ್ತದೆ. ಇದು ಸೀಗಡಿ ಮರಿ ತಿನ್ನುತ್ತದೆ ಕಣೇ ಎಂದು ನಾನು ಆಕ್ಷೇಪಿಸಿದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ಪರ್ಸು ತೆಗೆದೆ. ಅವಳು ತೊಟ್ಟಿಯ ಮುಂದೆ ಕೂತರೆ ಕೆಂಪಿ ಸಂದಿಯಿಂದ ಹೊರಗೆ ಬಂದು ಗಾಜಿನ ಹತ್ತಿರ ನಿಲ್ಲುತ್ತಿತ್ತು, ನಾನು ಕೂತರೆ ಬರುತ್ತಿರಲಿಲ್ಲ. ಸೀರಿಯಲ್ ಬಂದ್ ಆಯಿತು, ಅಳುವುದು ನಿಂತಿತು. ನನ್ನನ್ನು ಬೈಯುವುದು ಮಾತ್ರ ನಿಲ್ಲಲಿಲ್ಲ, ಆದರೆ ಧ್ವನಿ ಇಳಿಯಿತು. ಕೂತಲ್ಲೇ ಕಾಲು ಮಡಚಿ ಚಾಚುವ ವ್ಯಾಯಾಮವನ್ನೂ ಆ ಗರಿಯ ಲೆಕ್ಕಕ್ಕೆ ಸರಿಯಾಗಿ ಮಾಡುತ್ತಿದ್ದಳು. ಆ ಎರಡಿಂಚಿನ ಮೀನಿಗೆ ನಾನು ಎಷ್ಟು ಋಣಿ ಎಂಬುದನ್ನು ತಮ್ಮಂಥ ದೊಡ್ಡವರಿಗೆ ವಿವರಿಸಲು ನನಗೆ ಬರುವುದಿಲ್ಲ.

ಕೆಂಪಿ ಬಂದ ಮೇಲೆ ಮೊದಲ ನಾಲ್ಕು ವಾರ ತಾವು ಸುಮ್ಮನಿದ್ದಿರಿ. ಆಮೇಲೆ ಪ್ರತಾಪ ತೋರಿಸಿದಿರಿ. ತಮ್ಮ ಕರ್ತವ್ಯನಿಷ್ಠೆಯನ್ನು ಹೊಗಳದೆ ಇರಲಾರೆ. ದೀಪ ಹೊತ್ತಿದ ನಿಮಿಷಕ್ಕೆ ಗಸ್ತು ಆರಂಭ, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಊಟಕ್ಕೆ ಬಿಡುವಿಲ್ಲ, ವಾರದ ರಜೆಯಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ದೊಡ್ಡ ಕಂಪನಿಗಳ ಗೇಟಿನಲ್ಲಿ ನಿಲ್ಲುವ ಸೆಕ್ಯೂರಿಟಿಯವರು ತಮ್ಮ ಕಾಲಿನ ಧೂಳಿಗೂ ಸಮವಲ್ಲ. ತಮಗೆ ಕಾಲಿಲ್ಲ ಎಂಬುದು ಬೇರೆ ಮಾತು. ಸಾವಿರ ಲೀಟರಿನಲ್ಲಿ ತಮ್ಮದಲ್ಲದ ಒಂದು ಲೋಟ ನೀರೂ ಇರಬಾರದೆಂಬ ತಮ್ಮ ತತ್ವ ದೊಡ್ಡದು. ಕೆಂಪಿಯ ಬಾಯಿಯ ಮುಂದೆ ಬಂದ ಸೀಗಡಿ ಮರಿಯನ್ನು ತಾವು ತಿನ್ನುವುದೂ ಇಲ್ಲ, ಯಾಕೆಂದರೆ ತಾವು ಸಸ್ಯಾಹಾರಿಗಳು. ಅದು ತಿನ್ನದಂತೆ ನೋಡಿಕೊಳ್ಳುತ್ತೀರಿ, ಅಷ್ಟೇ. ಇಷ್ಟು ನಿಸ್ವಾರ್ಥವಾದ ಹಿಂಸೆಯನ್ನು ನಾನು ಬಾಡಿಗೆಯವರಲ್ಲಿ ಕಂಡಿರಲಿಲ್ಲ.

ನನ್ನ ಎಡ ಅಂಗೈಯ ವಿಚಾರ ಸಣ್ಣದು, ಆದರೂ ದಾಖಲಾಗಲಿ. ಗಾಜಿನ ಪಾಚಿ ಉಜ್ಜಲು ನಾನು ಕೈ ಇಳಿಸಿದ್ದು ತಮ್ಮ ಅನುಮತಿಯಿಲ್ಲದೆ, ನಿಜ. ತಾವು ಬಾಲ ಬೀಸಿದಿರಿ, ಮೂರು ಹೊಲಿಗೆ ಬಿತ್ತು. ಹೊಲಿಗೆ ಹಾಕಿದ ಡಾಕ್ಟರು ಏನು ತಾಗಿತು ಎಂದು ಕೇಳಿದರು, ಬಾಡಿಗೆಯವರು ಎಂದೆ. ಅವರು ಪೊಲೀಸ್ ಕಂಪ್ಲೇಂಟ್ ಕೊಡಿ ಎಂದು ಒತ್ತಾಯಿಸಿದರು. ಹೆಸರು, ಉದ್ಯೋಗ ಎಂದು ಕೇಳಿದರೆ ಸರ್ಜನ್ ಎಂದು ಬರೆಸಬೇಕಾಗುತ್ತದಲ್ಲ ಎಂದು ಸುಮ್ಮನಾದೆ.

ಈರೇಶ್ ಹೇಳಿದಂತೆ ಗಾಜಿನ ಹೊರಗೆ ಭಾಗ್ಯಮ್ಮನ ಡ್ರೆಸ್ಸಿಂಗ್ ಟೇಬಲ್ಲಿನ ಕನ್ನಡಿ ನಿಲ್ಲಿಸಿದೆ. ತಾವು ತಮ್ಮ ಬಿಂಬವನ್ನು ಇನ್ನೊಬ್ಬ ಬಾಡಿಗೆಯವನೆಂದು ತಿಳಿದು ಎರಡು ದಿನ ಅದರ ಜೊತೆ ಹೋರಾಡಿದಿರಿ. ಮೂರನೇ ದಿನ ರಾಜಿಯಾಯಿತೋ, ಅಥವಾ ಅಷ್ಟು ಚೆಂದದ ಮುಖಕ್ಕೆ ಹೊಡೆಯುವುದು ಸರಿಯಲ್ಲ ಎನಿಸಿತೋ, ಮತ್ತೆ ಕೆಂಪಿಯ ಕಡೆ ತಿರುಗಿದಿರಿ. ಬಲೆ ಹಾಕಿದರೆ ಗವಿ ಸೇರುತ್ತೀರಿ. ಕಲ್ಲು ಕಿತ್ತು ಹಿಡಿಯೋಣವೆಂದರೆ ಯಮನಪ್ಪ ಜೋಡಿಸಿದ ಕಲ್ಲು ಕೋಟೆಯ ಹಾಗಿದೆ, ಕಿತ್ತರೆ ಹವಳವೆಲ್ಲ ಹೋಗುತ್ತದೆ, ಮೊದಲು ಚಪ್ಪಟೆಯಾಗುವುದು ಸಂದಿಯಲ್ಲಿರುವ ಕೆಂಪಿಯೇ.

ಏಳನೇ ದಿನ ಭಾಗ್ಯಮ್ಮ ಬೈಯುವುದನ್ನು ನಿಲ್ಲಿಸಿದಳು. ಸಂಸಾರಸ್ಥರಿಗೆ ಗೊತ್ತು, ಅದು ಯಾವ ಮಟ್ಟದ ಅಪಾಯವೆಂದು. ಸಂದಿಯೊಳಗೆ ಟಾರ್ಚ್ ಬಿಟ್ಟು ನೋಡಿದಳು. ಕೆಂಪಿಯ ಹೊಟ್ಟೆ ಒಳಗೆ ಹೋಗಿತ್ತು, ಗರಿ ಮಲಗಿತ್ತು. ಅವಳು ಟಾರ್ಚ್ ಆರಿಸಿ, ನನ್ನ ಕಡೆ ತಿರುಗದೆಯೇ, “ನೀವು ಏನ್ ತಿಂತದೆ ಅಂತ ಕೇಳಿದ್ರಿ, ಎಂಗಿರ್ತದೆ ಅಂತ ಕೇಳ್ಲೇ ಇಲ್ವಲ್ಲ. ಕೆಂಪಿ ಸತ್ರೆ ಈ ಸಮುದ್ರನ ಮೋರಿಗೆ ಸುರಿದ್ಬುಟ್ಟು ಚಂದಾಪುರಕ್ಕೆ ಅಕ್ಕನ ಮನೆಗೆ ಒಂಟೋಯ್ತೀನಿ,” ಎಂದಳು. ಅವಳು ಹಾಗೆ ಹೇಳಿ ಹೋಗದೆ ಉಳಿದ ಉದಾಹರಣೆ ಈ ಮೂವತ್ತೊಂದು ವರ್ಷದಲ್ಲಿ ಇಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು.

ಅಂದು ಸಂಜೆ ಯಮನಪ್ಪನನ್ನು ಮೇಲಕ್ಕೆ ಕರೆಸಿ, ಕಲ್ಲು ಅಲುಗಿಸದೆ ಒಂದು ಉಪಾಯ ಹೇಳಪ್ಪ ಎಂದು ಕೇಳಿಕೊಂಡೆ. ಅವನು ಎರಡೂ ಕೈ ಹಿಂದೆ ಕಟ್ಟಿ ತಮ್ಮನ್ನು ಬಹಳ ಹೊತ್ತು ನೋಡಿದ. ಆಮೇಲೆ ಇಪ್ಪತ್ತು ಲೀಟರಿನ ಖಾಲಿ ನೀರಿನ ಕ್ಯಾನು ಕೇಳಿದ. ಅದನ್ನು ಅಡ್ಡ ಮಲಗಿಸಿ, ತಳ ಕೊಯ್ದು ಬಾಗಿಲು ಮಾಡಿ, ಎಳೆದರೆ ಏರುವ, ಬಿಟ್ಟರೆ ಬೀಳುವ ಒಂದು ಪ್ಲಾಸ್ಟಿಕ್ ಹಲಗೆಗೆ ದಾರ ಕಟ್ಟಿ, ಕಾಯಿಸಿದ ಕಡ್ಡಿಯಿಂದ ಸುತ್ತ ಸಣ್ಣ ತೂತು ಕೊರೆದು, ಮೀನು ಒಳಗೆ ಬಂದು ಬಾಲ ತಿರುಗಿಸುವ ತನಕ ದಾರ ಬಿಡಬಾರದು, ಮೊದಲ ಸಲ ಮೂಸಿ ಹೋಗುತ್ತದೆ, ಎರಡನೇ ಸಲವೂ ಹೋಗುತ್ತದೆ, ಮೂರನೇ ಸಲ ತನ್ನ ಮನೆ ಅಂದುಕೊಳ್ಳುತ್ತದೆ ಎಂದೆಲ್ಲ ಹೇಳುತ್ತಾ ಹೋದ. ಸಸ್ಯಾಹಾರಿಯಾದ ನಿನಗೆ ಇಷ್ಟೆಲ್ಲ ಹೇಗಪ್ಪ ಗೊತ್ತು ಎಂದು ನಾನು ಕೇಳಿದೆ. ಕೇಳಿದ್ದು ಮೆಚ್ಚಿಗೆಯಿಂದಲೇ. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಸವಿತಾಳ ಮುಖ ಬಿಳಿಚಿಕೊಂಡಿತು.

ಇಲ್ಲಿ ತಮಗೆ ಒಂದು ವಿವರಣೆ ಬೇಕು. ಈ ಗಂಡ ಹೆಂಡತಿ ನಾಲ್ಕು ವರ್ಷದಿಂದ ಪ್ರತಿ ಭಾನುವಾರ ಬೆಳಗ್ಗೆ ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು, ಎರಡು ಬಸ್ಸು ಬದಲಿಸಿ ಪೀಣ್ಯದ ಅಣ್ಣನ ಮನೆಗೆ ಹೋಗುತ್ತಿದ್ದರು, ಅಣ್ಣನ ಮನೆಗೆ ಎಂಬುದು ನನಗೆ ತಿಳಿದದ್ದು ಈಗ; ಮಧ್ಯಾಹ್ನ ಏಲಕ್ಕಿ ಅಗಿಯುತ್ತಾ, ಮುಖದಲ್ಲಿ ಬಹಳ ತೃಪ್ತಿ ಹೊತ್ತು ಹಿಂತಿರುಗುತ್ತಿದ್ದರು. ಎಲ್ಲಿಗೆ ಎಂದು ಕೇಳಿದರೆ, ಹಿಂಗ ಹೋಗಿ ಬರ್ತೀವ್ರಿ ಎಂದಷ್ಟೇ ಹೇಳುತ್ತಿದ್ದರು. ನಾನು ದೇವಸ್ಥಾನ ಅಂದುಕೊಂಡಿದ್ದೆ. ಭಕ್ತಿ ಅಂದರೆ ಇವರನ್ನು ನೋಡಿ ಕಲಿಯಬೇಕು ಎಂದು ಮೂರೂ ಬಿಲ್ಡಿಂಗಿನ ಬಾಡಿಗೆಯವರಿಗೆ ಉಪದೇಶ ಮಾಡಿದ್ದೆ.

ಯಮನಪ್ಪ ಕ್ಯಾನನ್ನು ನೆಲಕ್ಕಿಟ್ಟು, “ನಾವು ಹೊಳಿ ದಂಡಿ ಮಂದಿ ರೀ ಮಾಲಕರ. ಮನಿ ಸಿಗ್ಲಿ ಅಂತ ಸುಳ್ಳ ಹೇಳಿದ್ವಿ. ತಿನ್ನಾಕ ಭಾಳ ಮೀನ ಹಿಡ್ದೀನ್ರಿ, ಉಳಸಾಕ ಹಿಡ್ಯೂದು ಇದ ಮೊದಲ. ಇದೊಂದ ಹಿಡ್ದ ಕೊಟ್ಟ ಖಾಲಿ ಮಾಡ್ತೀವ್ರಿ,” ಎಂದ. ಸುಮ್ಮನೆ ಕಲ್ಲಿನ ಬಗ್ಗೆ ಏನೋ ಹೇಳಿ ಕೆಳಗಿಳಿದಿದ್ದರೆ ಅವನ ಮನೆ ಉಳಿಯುತ್ತಿತ್ತು, ಕೆಂಪಿ ಸಾಯುತ್ತಿತ್ತು. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕ್ಯಾನು ಕೇಳಿದ. ಭಾನುವಾರದ ಮಟನ್ ತಿಂದು ಅದೇ ಬಾಯಿಯಲ್ಲಿ ಇವರನ್ನು ನಾಲ್ಕು ವರ್ಷ ಒಂದು ತುಂಡು ಮೀನಿಗಾಗಿ ಎರಡೆರಡು ಬಸ್ಸು ಹತ್ತಿಸಿದವನಿಗೆ ಆಗ ಹೇಗಾಗಬೇಕೋ ಹಾಗಾಯಿತು. ನಾಚಿಕೆಯಾಯಿತು ಎಂದು ನೇರವಾಗಿಯೇ ಬರೆಯುತ್ತೇನೆ, ತಮ್ಮ ಮುಂದೆ ಸಂಕೋಚವೇನು. ಖಾಲಿ ಮಾಡುವ ಮಾತು ಯಾರ ಬಾಯಲ್ಲೂ ಬರಕೂಡದು ಎಂದೆ. ಭಾಗ್ಯಮ್ಮ ಸವಿತಾಳನ್ನು ಒಳಗೆ ಕರೆದು ಕಾಫಿ ಕೊಟ್ಟಳು.

ಹೀಗೆ ಎರಡು ದಿನದಿಂದ ನಾನೂ ಭಾಗ್ಯಮ್ಮನೂ ಸರದಿಯ ಮೇಲೆ ಸ್ಟೂಲಿನಲ್ಲಿ ದಾರ ಹಿಡಿದು ಕೂತಿದ್ದೇವೆ. ಮೂರು ಬಿಲ್ಡಿಂಗಿನ ಮಾಲೀಕ ನಾನು, ಗಾಳಿಪಟ ಕಳೆದುಕೊಂಡವನ ಹಾಗೆ ಕಾಣುತ್ತೇನೆ.

ಕ್ಯಾನಿನಲ್ಲಿ ತಮಗಾಗಿ ಎಳೆ ಪಾಲಕ್ ಕಟ್ಟಿದ್ದೇವೆ. ಕ್ಲೌನ್ ದಂಪತಿಗಳು ಬಂದು, ಮನೆ ನೋಡಲು ಬಂದವರ ಹಾಗೆ ನಾಲ್ಕೂ ಗೋಡೆ ಮುಟ್ಟಿ, ಗಾಳಿ ಬೆಳಕು ಸಾಲದು ಎಂದು ಹೊರಟು ಹೋದರು. ತಾವು ಮಾತ್ರ ಬಾಗಿಲವರೆಗೆ ಬಂದು, ಪಾಲಕ್ಕಿನ ಹೊರಗಿನ ಎಲೆಯನ್ನಷ್ಟೇ ಕಿತ್ತುಕೊಂಡು, ನನ್ನ ಮುಖ ನೋಡುತ್ತಾ ಅಗಿಯುತ್ತೀರಿ.

ಆದ್ದರಿಂದ ವಿನಂತಿಗಳು. ದಯವಿಟ್ಟು ತಾವಾಗಿಯೇ ಸದರಿ ಕ್ಯಾನಿನೊಳಗೆ ದಯಮಾಡಿಸಬೇಕು. ಶಕುನ, ರಾಹುಕಾಲ ನೋಡುವುದಾದರೆ ತಿಳಿಸಿ, ಪಂಚಾಂಗವನ್ನು ಗಾಜಿಗೆ ಹಿಡಿಯುತ್ತೇನೆ. ಅದಾಗದಿದ್ದರೆ ದಿನ ಬಿಟ್ಟು ದಿನ ಕಾವೇರಿ ನೀರು ಬಿಡುವ ರೀತಿಯಲ್ಲಿ, ದಿನ ಬಿಟ್ಟು ದಿನ ಕೆಂಪಿಯನ್ನು ಹೊರಗೆ ಬಿಡಬೇಕು. ಅದೂ ಆಗದಿದ್ದರೆ ಚೂರಿಗಳಿಗೆ ಭಾಗ್ಯಮ್ಮ ಉಲ್ಲನ್ನಿನಲ್ಲಿ ಹೆಣೆದುಕೊಡುವ ಕವಚವನ್ನು ಧರಿಸಿ ಓಡಾಡಬೇಕು, ಬಣ್ಣ ತಮ್ಮ ಇಷ್ಟ. ವೈಟ್‌ಫೀಲ್ಡಿನ ಒಂದು ಆಫೀಸಿನ ಲಾಬಿಯಲ್ಲಿ ಎರಡು ಸಾವಿರ ಲೀಟರಿನ ತೊಟ್ಟಿ ಖಾಲಿಯಿದೆ, ಒಂದೇ ಒಂದು ದೊಡ್ಡ ಮೀನು ಬೇಕಂತೆ ಎಂದು ಈರೇಶ್ ಹೇಳಿದ್ದಾನೆ. ಅಲ್ಲಿ ತಮಗೆ ನೆರೆಹೊರೆಯೇ ಇರುವುದಿಲ್ಲ. ಕೊರಳಿಗೆ ಕಾರ್ಡು ನೇತು ಹಾಕಿಕೊಂಡ ಎಂಟುನೂರು ಜನರನ್ನು ದಿನವೂ ಗಾಜಿನಾಚೆಯಿಂದ ಗದರಿಸಬಹುದು. ತಮ್ಮ ಪ್ರತಿಭೆಗೆ ನಮ್ಮ ಬೇಗೂರು

ವಾಕ್ಯ ಅರ್ಧಕ್ಕೆ ನಿಂತದ್ದಕ್ಕೆ ಕ್ಷಮೆಯಿರಲಿ, ಪೆನ್ನು ಕೈಜಾರಿತು. ಭಾಗ್ಯಮ್ಮ ನನ್ನ ತೋಳು ಹಿಡಿದು, “ಉಸಿರು ಬುಡಬೇಡಿ,” ಎಂದಳು. ಕ್ಯಾನಿನೊಳಗೆ ಯಾರೋ ಬಂದಿದ್ದಾರೆ. ತಾವಲ್ಲ. ತಾವು ಬಲಗಡೆಯ ತುದಿಯಲ್ಲಿ ಹವಳಕ್ಕೆ ಬುದ್ಧಿ ಹೇಳುತ್ತಿದ್ದಿರಿ. ಕಲ್ಲಿನ ಸಂದಿಯಿಂದ ಕ್ಯಾನಿಗೆ ಮೂರು ಬೆರಳಿನ ದೂರ, ಆ ಮೂರು ಬೆರಳನ್ನು ಕೆಂಪಿ ಒಂದೇ ನೆಗೆತಕ್ಕೆ ದಾಟಿತ್ತು. ನನಗೆ ಹೇಳದೆ ಭಾಗ್ಯಮ್ಮ ಬೆಳಗ್ಗೆ ಪಾಲಕ್ಕಿನ ಹಿಂದೆ ಒಂದು ಚಿಟಿಕೆ ಸೀಗಡಿ ಮರಿ ಹಾಕಿದ್ದಳಂತೆ. ಹೊಲಿಗೆ ಹಾಕಿದ ಕೈಯಿಂದಲೇ ನಾನು ದಾರವನ್ನು ಇಷ್ಟಿಷ್ಟೇ ಸಡಿಲಿಸಿ, ಬಾಗಿಲನ್ನು ಎರಡು ಬೆರಳಿನ ಸಂದಿ ಬಿಟ್ಟು ನಿಲ್ಲಿಸಿದೆ. ಕೆಂಪಿ ಹಿಡಿಸುವಷ್ಟು, ತಾವು ಹಿಡಿಸದಷ್ಟು.

ತಾವು ಬಂದು ಕ್ಯಾನಿಗೆ ಢಿಕ್ಕಿ ಹೊಡೆದಿರಿ, ಒಂದು ಸಲ, ಎರಡು ಸಲ, ಬಾಲದಲ್ಲೊಂದು ಸಲ. ಯಮನಪ್ಪನ ಕೆಲಸ, ಅಲುಗಲಿಲ್ಲ. ಒಳಗೆ ಕೆಂಪಿ ಮೊದಲ ಮರಿಯನ್ನು ಬಾಯಿಗೆ ಹಾಕಿಕೊಂಡು ಉಗುಳಿತು, ಎರಡನೆಯದನ್ನೂ ಉಗುಳಿತು, ಮೂರನೆಯದನ್ನು ನುಂಗಿತು. ನುಂಗಿದ ಮೇಲೆ ಗರಿ ಎತ್ತಿತು. ಭಾಗ್ಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಇನ್ನು ಆ ಕ್ಯಾನನ್ನು ಯಾರೂ ತೆಗೆಯಕೂಡದು, ಅದು ಕೆಂಪಿಯ ರೂಮು ಎಂದು ಅಪ್ಪಣೆ ಕೊಡಿಸಿದ್ದಾಳೆ.

ಹಾಗಂತ ನೋಟೀಸು ಹಿಂತೆಗೆದುಕೊಂಡೆ ಎಂದು ತಾವು ತಿಳಿಯಬಾರದು. ಯಮನಪ್ಪ ತಮ್ಮ ಅಳತೆಗೆ ಇನ್ನೊಂದು ಕ್ಯಾನು ಕೊಯ್ಯುತ್ತಿದ್ದಾನೆ, ಅವನಿಗೆ ಅವಸರವಿಲ್ಲ. ಇನ್ನು ಮುಂದೆ ಮನೆ ಕೇಳಿ ಬರುವವರಿಗೆ, ಮೀನಾಗಲಿ ಮನುಷ್ಯರಾಗಲಿ, ನಾನು ಕೇಳುವುದು ಒಂದೇ ಪ್ರಶ್ನೆ: ಪಕ್ಕದವರು ಊಟ ಮಾಡುವಾಗ ನಿಮಗೇನಾಗುತ್ತದೆ? ತಮ್ಮ ಉತ್ತರ ನನಗೆ ಗೊತ್ತಿರುವುದರಿಂದ ತಾವು ಬರೆದು ತಿಳಿಸುವ ಶ್ರಮ ತೆಗೆದುಕೊಳ್ಳಬೇಕಿಲ್ಲ.

ಹೊಲಿಗೆ ಬಿಚ್ಚಿಸುವ ದಿನ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ನಂಜಪ್ಪ

ತಾ.ಕ.: ಈ ಭಾನುವಾರ ಯಮನಪ್ಪ ದಂಪತಿಗಳು ಪೀಣ್ಯಕ್ಕೆ ಹೋಗುತ್ತಿಲ್ಲ, ಪೀಣ್ಯದ ಅಣ್ಣನವರೇ ಇಲ್ಲಿಗೆ ಬರುತ್ತಿದ್ದಾರೆ. ಸವಿತಾ ಕೆಳಗಡೆ ಮೀನಿನ ಸಾರು ಮಾಡುತ್ತಾಳೆ, ಕಿಟಕಿ ತೆರೆದಿಟ್ಟುಕೊಂಡೇ ಮಾಡುತ್ತಾಳೆ, ನಮಗೂ ಊಟಕ್ಕೆ ಹೇಳಿದ್ದಾಳೆ. ವಾಸನೆ ಮೊದಲನೇ ಮಹಡಿಯವರೆಗೆ ಬರುವುದು ಖಂಡಿತ. ಶುದ್ಧ ಸಸ್ಯಾಹಾರಿಗಳಾದ ತಮಗೆ ಇದರಿಂದ ತೊಂದರೆಯಾಗುವುದಾದರೆ, ತಾವು ಬೇರೆ ಮನೆ ನೋಡಿಕೊಳ್ಳಬಹುದು.